ಮಂಜಿನಲ್ಲಿ ಹೋದ ಹುಲ್ಲಿನ ರೈಲು

ಹೊಸ ಗೂಡ್ಸ್ ರೈಲು ಬಂದು ಅದೇನು ಕಡಿದು ಕಟ್ಟೆ ಹಾಕುತ್ತದೆ ಎಂದು ಆಫೀಸಿನಲ್ಲಿ ಬಾಯಿ ಮಾಡಿದವಳು ನಾನೇ. ಸಿಲಿಕಾನ್ ಓಯಸಿಸ್‌ನಲ್ಲಿರುವ ನಮ್ಮ ಕಂಪೆನಿ ಹಡಗಿನಲ್ಲಿ ಒಣಹುಲ್ಲು ತರಿಸಿ ಡೈರಿಗಳಿಗೆ ಕೊಡುತ್ತದೆ. ಅದನ್ನು ಫುಜೈರಾ ಬಂದರಿನಿಂದ ಅಬುಧಾಬಿ ಕಡೆಗೆ ಮುಟ್ಟಿಸುವುದು ನನ್ನ ಕೆಲಸ. ಲಾರಿಗಳು ಮಾತ್ರ ಮೊದಲಿನಿಂದಲೂ ಒಬ್ಬರದೇ, ಮಂಗಳೂರು ಕಡೆಯ ಬ್ಯಾರಿ ಹಿರಿಯರೊಬ್ಬರದು. ನಾವೆಲ್ಲ ಅವರನ್ನು ಕಾಕ ಎನ್ನುತ್ತೇವೆ. ಹಡಗು ತಡವಾಗಲಿ, ರಜೆಯ ದಿನವಿರಲಿ, "ಕಾಕಾ, ಸ್ವಲ್ಪ ಅಡ್ಜಸ್ಟ್ ಮಾಡಿ" ಎಂದರೆ ಮುಗಿಯಿತು. ರೈಲಿಗೆ ಹಾಗೆ ಫೋನು ಮಾಡಿ ಹೇಳುವುದುಂಟೇ?

ಕಳೆದ ಚಳಿಗಾಲದಲ್ಲಿ ನಮ್ಮ ಮ್ಯಾನೇಜರು ಪಂದ್ಯವನ್ನೇ ಇಟ್ಟರು. ಒಂದೇ ಹಡಗಿನ ಹುಲ್ಲು, ಅರ್ಧ ರೈಲಿಗೆ, ಅರ್ಧ ಕಾಕನ ಲಾರಿಗಳಿಗೆ. ಯಾರದು ಮೊದಲು ಡೈರಿ ಮುಟ್ಟುತ್ತದೋ ಇಡೀ ವರ್ಷದ ಸಾಗಾಟ ಅವರಿಗೆ. ನಾನೇನು ಸುಮ್ಮನಿರುವ ಪೈಕಿಯೇ? ಕಾಕನ ಲಾರಿಗಳಿಗೆ ಮೊದಲು ಲೋಡು ಹಾಕಿಸಿದೆ. ಸಾಲದ್ದಕ್ಕೆ, ಮೇಲ್ವಿಚಾರಣೆಯ ನೆಪ ಹೇಳಿ ಕಾಕ ತಾವೇ ಓಡಿಸುತ್ತಿದ್ದ ಲಾರಿಯನ್ನೂ ಹತ್ತಿದೆ.

ಬೆಳಗಾಗುವಾಗ ಮಂಜು ಇಳಿಯಿತು. ಗಾಜಿನಾಚೆ ಏನೆಂದರೆ ಏನೂ ಕಾಣಿಸದು. ಪೊಲೀಸರು ಭಾರೀ ಗಾಡಿಗಳನ್ನೆಲ್ಲ ಬದಿಗೆ ನಿಲ್ಲಿಸಿದರು.

"ಖಲಾಸ್. ಇನ್ನು ಮಂಜು ಬಿಡುವವರೆಗೆ ಇಲ್ಲೇ ಕೂತುಕೊಳ್ಳುವುದು ತಂಗಿ," ಎಂದರು ಕಾಕ.

ಇಬ್ಬರೂ ಕೆಳಗಿಳಿದು ಫ್ಲಾಸ್ಕಿನ ಸುಲೈಮಾನಿ ಚಹಾ ಕುಡಿಯುತ್ತಿದ್ದೆವು. ಮೊದಲು ಕಾಲಡಿಯ ನೆಲ ಅದುರಿತು. ಬೇಲಿಯಾಚೆ ಮಂಜಿನೊಳಗೆ ಒಂದು ದೀಪ ಮೂಡಿತು. ಎಂಜಿನ್ ದಾಟಿತು, ಅದರ ಹಿಂದೆ ಡಬ್ಬಿ, ಮತ್ತೊಂದು ಡಬ್ಬಿ, ಮತ್ತೂ ಒಂದು. ನಮ್ಮದೇ ಕಂಟೇನರುಗಳು! ನಾನು ಎಣಿಸಲು ಶುರುಮಾಡಿ ಬಿಟ್ಟುಬಿಟ್ಟೆ. ಅವಸರವಿಲ್ಲ, ಅಂಜಿಕೆಯಿಲ್ಲ, ದಾರಿ ಬಿಡಿ ಎಂಬ ಹಾರ್ನೂ ಇಲ್ಲ. ಬೆಟ್ಟವೇ ಎದ್ದು ನಡೆದು ಹೋದಂತಿತ್ತು. ಎದೆ ತುಂಬಿ ಬಂತು ನನಗೆ, ಮೈಯೆಲ್ಲ ಜುಮ್ಮೆಂದಿತು.

"ಅಬ್ಬಬ್ಬಾ! ಎಷ್ಟು ಚೆಂದ!" ಎಂದು ಕೂಗಿಯೇಬಿಟ್ಟೆ.

ಕೂಗಿದ ಮೇಲೆ ಪಕ್ಕದಲ್ಲಿ ಯಾರಿದ್ದಾರೆಂದು ನೆನಪಾಯಿತು. ನಾಲಗೆ ಕಚ್ಚಿಕೊಂಡೆ. ಕಾಕ ಲೋಟ ಹಿಡಿದುಕೊಂಡು, ಕೊನೆಯ ಡಬ್ಬಿ ಮರೆಯಾಗುವವರೆಗೂ ಬೇಲಿಯ ಕಡೆಗೇ ನೋಡುತ್ತಿದ್ದರು.

"ಅದಕ್ಕೆ ಡ್ರೈವರು ಎಷ್ಟು ಜನ?" ಎಂದು ಕೇಳಿದರು.

"ಒಬ್ಬರೋ ಇಬ್ಬರೋ ಇರಬೇಕು ಕಾಕಾ."

"ಯಾ ಅಲ್ಲಾ," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅವರೂ ನನ್ನಂತೆಯೇ ಬೆರಗಾಗಿ ನಿಂತಿದ್ದರು. ನನಗೆ ಅಳು ಬಂದದ್ದು ಆಗ.

ಮಂಜು ಬಿಡುವ ಹೊತ್ತಿಗೆ ಮ್ಯಾನೇಜರ ಫೋನು ಬಂತು. ಆ ಕಡೆ ಮಂಜಿರಲಿಲ್ಲವಂತೆ, ರೈಲಿನ ಹುಲ್ಲು ಆಗಲೇ ಡೈರಿ ಮುಟ್ಟಿತ್ತು. ಕಾಕನಿಗೆ ಹೇಗೆ ಹೇಳುವುದೆಂದು ತೋಚದೆ ಮೊಬೈಲು ಹಿಡಿದು ನಿಂತೆ. ಅವರು ನನ್ನ ಮುಖ ನೋಡಿದರು. ಲೋಡಿನ ಒಂದೊಂದೇ ಹಗ್ಗ ಎಳೆದು ನೋಡಿ, ಸಡಿಲವಾಗಿದ್ದುದನ್ನು ಬಿಗಿದು ಕಟ್ಟಿದರು.

"ಹತ್ತು ತಂಗಿ, ಹೋಗುವ," ಎಂದರು. "ಸೋತವನ ಹುಲ್ಲನ್ನು ಸಹ ದನ ತಿಂತದೆ."