ಅಕ್ಕನ ಮೂಗು

ಅಕ್ಕನ ಮೂಗಿನ ತುದಿ ಸ್ವಲ್ಪ ಮೇಲಕ್ಕೆ ಎದ್ದಂತೆ, ಎಡಗಡೆ ಬಿಳಿ ಹರಳಿನ ಮೂಗುಬೊಟ್ಟು. ಏನು ಕೈಗೆ ಬಂದರೂ ಮೊದಲು ಮೂಗಿಗೆ ಹಿಡಿಯುವುದು ಅವಳ ಅಭ್ಯಾಸ. ಅಂಗಡಿಯಿಂದ ತಂದ ಅಕ್ಕಿ, ಕಾಯಿಸದ ಹಾಲು, ಹೊಸ ಪುಸ್ತಕ, ಒಣಗಿದ ಬಟ್ಟೆ, ಎಲ್ಲಕ್ಕೂ ಅದೇ ಪರೀಕ್ಷೆ. ಮೂಸುವಾಗ ಕಣ್ಣು ಮುಚ್ಚಿ, ದೂರದ ಯಾವುದೋ ಸದ್ದಿಗೆ ಕಿವಿಗೊಟ್ಟವಳ ಹಾಗೆ ನಿಲ್ಲುತ್ತಿದ್ದಳು. ನಾನು ಶಾಲೆಯಿಂದ ಬಂದರೆ ನೆತ್ತಿ ಮೂಸಿ, “ಬಿಸಿಲಲ್ಲಿ ಕುಂಟೆಬಿಲ್ಲೆ ಆಡಿದೀಯ, ಸುಳ್ಳು ಹೇಳ್ಬೇಡ” ಅನ್ನುತ್ತಿದ್ದಳು.

“ನಾಯಿ ಜಾತಿ ನಿಂದು” ಎಂದು ನಾನು ರೇಗಿಸಿದರೆ ನಗುತ್ತಿದ್ದಳು. “ನಾಯಿನೇ ಆಗ್ಲಿ ಮಾರಾಯ್ತಿ. ನಿನ್ನ ಕಾಯೋಕೆ ಒಂದು ಬೇಕಲ್ಲ.”

ನನಗೆ ಓದು ಹತ್ತಲಿಲ್ಲ. ಎಸ್ಸೆಸ್ಸೆಲ್ಸಿ ಫೇಲಾದ ಮೇಲೆ ಭದ್ರಾವತಿಯಿಂದ ಬಸ್ಸು ಹಿಡಿದು ಶಿವಮೊಗ್ಗದ ದುರ್ಗಿಗುಡಿಯ ಒಂದು ಫ್ಯಾನ್ಸಿ ಸ್ಟೋರಿಗೆ ಕೆಲಸಕ್ಕೆ ಹೋಗತೊಡಗಿದೆ. ಸೋಪು, ಪೌಡರು, ಸೆಂಟು ಮಾರುವ ಕೆಲಸ. ಸಂಜೆ ಮನೆಗೆ ಬಂದಾಗ ನನ್ನ ಮೈಯಿಂದ ಹತ್ತು ಥರದ ಪರಿಮಳ ಬರುತ್ತಿತ್ತು. ಅದರ ಬಗ್ಗೆ ನನಗೆ ಜಂಬವೂ ಇತ್ತು.

ಆ ಹೊತ್ತಿಗೇ ಅಕ್ಕ ಬಾಣಂತನಕ್ಕೆ ತವರಿಗೆ ಬಂದಳು. ಹೆಣ್ಣುಮಗು. ಅಮ್ಮ ನಡುಕೋಣೆಯ ಕಿಟಕಿಯನ್ನು ಭದ್ರವಾಗಿ ಮುಚ್ಚಿದಳು, ಶೀತ ಗಾಳಿ ತಾಗಬಾರದೆಂದು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊಟ್ಟೆಗೆ ಹಳೆ ಸೀರೆಯ ಬಿಗಿ ಸುತ್ತು. ಬೆಳ್ಳುಳ್ಳಿ ಮೆಣಸಿನ ಸಾರು. ಎಣ್ಣೆನೀರಿನ ನಂತರ ಕೆಂಡದ ಮೇಲೆ ಸಾಂಬ್ರಾಣಿ ಹೊಗೆ.

ಹೆತ್ತ ಮೇಲೆ ಹೆಂಗಸಿನ ಮೈ ಏನೇನಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಅಕ್ಕನಿಗೂ ಹೇಳಿರಲಿಲ್ಲ. ಮಲಗಿದಲ್ಲೇ ಬೆವರಿ ಹಾಸಿಗೆಯೆಲ್ಲ ತೊಯ್ದುಹೋಗುತ್ತಿತ್ತು. ಹಾಲು ಸೋರಿ ರವಿಕೆ ಹುಳಿಯಾಗುತ್ತಿತ್ತು. ಕಂಕುಳಲ್ಲಿ ಅವಳಿಗೇ ಪರಿಚಯವಿಲ್ಲದ ಒಂದು ಖಾರ ವಾಸನೆ. ಮೂಸಿ ಮೂಸಿ ನೋಡಿಕೊಂಡು, “ಇದು ನನ್ನ ವಾಸ್ನೆ ಅಲ್ಲ ಕಣೆ. ಯಾರದೋ ಮೈ ತಂದು ನಂಗೆ ಉಡಿಸಿದಂಗಿದೆ” ಅಂದಳು.

ನಾನು ಅವಳ ಕೋಣೆಯಲ್ಲೇ ಮಲಗುತ್ತಿದ್ದವಳು. “ನಿನ್ನ ಪಕ್ಕ ಮಲಗಿದ್ರೆ ಹಾಲಿನ ಡೈರೀಲಿ ಮಲಗಿದಂಗಾಗುತ್ತೆ ಅಕ್ಕ. ಅಂಗಡೀಲಿ ಯಾರಾದ್ರೂ ಮೊಸರು ಎಷ್ಟು ಅಂತ ಕೇಳ್ತಾರೆ” ಎಂದು ಚಾಪೆ ಸುತ್ತಿಕೊಂಡು ಪಡಸಾಲೆಗೆ ಬಂದೆ. ಮೊದಲ ದಿನ ಅವಳೂ ನಕ್ಕಳು. ಮತ್ತೆ ನಗಲಿಲ್ಲ.

ಅಂಗಡಿಯಿಂದ ಪೌಡರು, ಕಂಕುಳಿಗೆ ಹಚ್ಚುವ ರೋಲ್ ಆನ್ ತಂದುಕೊಟ್ಟೆ. ಉಪಕಾರ ಮಾಡಿದೆ ಎಂದುಕೊಂಡಿದ್ದೆ. ಅವಳು ಹಚ್ಚಿಕೊಂಡಳು. ಮಗು ಮೊಲೆಯ ಹತ್ತಿರ ಬಂದು ಮುಖ ತಿರುಗಿಸಿ ಅತ್ತಿತು. ಒದ್ದೆ ಬಟ್ಟೆಯಲ್ಲಿ ಪೌಡರನ್ನೆಲ್ಲ ಒರೆಸಿಕೊಂಡು, ಹಾಲು ಕುಡಿಸಿ, ಸಂಜೆ ನನ್ನ ಬಸ್ಸು ಬರುವ ಹೊತ್ತಿಗೆ ಮತ್ತೆ ಹಚ್ಚಿಕೊಳ್ಳುತ್ತಿದ್ದಳು. ನನ್ನ ಸಲುವಾಗಿ! ಕೊನೆಗೆ ತನ್ನ ಮೈಲಿಗೆ ಬಟ್ಟೆಯನ್ನು ಅಮ್ಮನ ಕೈಗೂ ಕೊಡುವುದನ್ನು ಬಿಟ್ಟಳು. ತಾನೇ ಒಗೆದು, ಯಾರ ಕಣ್ಣಿಗೂ ಬೀಳದಂತೆ ಬಚ್ಚಲಿನ ಹಂಡೆಯ ಹಿಂದೆ ಹರವುತ್ತಿದ್ದಳು. “ಅಮ್ಮಾನೂ ಮುಖ ಸಿಂಡರಿಸಿದ್ರೆ ನಂಗೆ ತಡ್ಕೊಳ್ಳಕಾಗಲ್ಲ” ಅಂದಿದ್ದಳು. ‘ಅಮ್ಮಾನೂ’ ಅಂದಳು. ಮೊದಲು ಸಿಂಡರಿಸಿದವಳು ಯಾರೆಂದು ಹೇಳಲಿಲ್ಲ.

ಆ ನಡುವೆ ಶಿವಮೊಗ್ಗದಿಂದ ನನಗೊಂದು ಸಂಬಂಧ ಬಂತು. ಭಾನುವಾರ ಹೆಣ್ಣು ನೋಡಲು ಬರುವುದೆಂದಾಯಿತು. ಅಮ್ಮ ಮನೆ ತೊಳೆಯುವುದರಲ್ಲಿ ಮುಳುಗಿದಳು. ಹಿಂದಿನ ದಿನ ನಾನು ಮುಖಕ್ಕೆ ಕಡಲೆಹಿಟ್ಟು ಹಚ್ಚಿಕೊಂಡು ಓಡಾಡುತ್ತಿದ್ದಾಗ ಅಕ್ಕ ಕರೆದಳು.

“ಇಲ್ಲಿ ಬಾರೆ. ನನ್ನ ಮೂಗನ್ನ ನಾನೇ ನಂಬಕಾಗ್ತಿಲ್ಲ. ಈ ಹೊಗೇಲಿ ಕೂತು ಕೂತು ಕೆಟ್ಟೋಗಿದೆ. ಏನೋ ಬೇರೆ ಥರ ವಾಸ್ನೆ ಅನ್ಸುತ್ತೆ, ಮೈಯೆಲ್ಲ ಚಳಿ ಬೇರೆ. ಒಂಚೂರು ಹತ್ರ ಬಂದು ಮೂಸಿ ನೋಡು.”

ನಾನು ಹೊಸ್ತಿಲು ದಾಟಲಿಲ್ಲ. ದಾಟುವ ಅಗತ್ಯವೂ ಇರಲಿಲ್ಲ, ಅದು ಅಲ್ಲಿಗೇ ಬಂದಿತ್ತು. ಹಾಲಿನದಲ್ಲ, ಬೆವರಿನದಲ್ಲ. ಇಲಿ ಸತ್ತ ಮೂಲೆಯಂಥದ್ದು. ಇದು ಇಷ್ಟು ದಿನ ಬರುತ್ತಿದ್ದ ವಾಸನೆಯಲ್ಲ ಎಂದು ನನಗೆ ಆ ಕ್ಷಣವೇ ತಿಳಿಯಿತು. ಅಮ್ಮನಿಗೆ ಹೇಳಿದರೆ ಆಸ್ಪತ್ರೆ ಅನ್ನುತ್ತಾಳೆ, ನಾಳೆಯದು ನಿಂತುಹೋಗುತ್ತದೆ ಎಂಬುದೂ ಅದೇ ಕ್ಷಣದಲ್ಲಿ ಹೊಳೆಯಿತು.

“ಏನೂ ಇಲ್ಲ ಬಿಡಕ್ಕ. ಬಾಣಂತಿ ವಾಸ್ನೆ ಅಷ್ಟೆ” ಅಂದೆ. ಕೆಂಡ ತಂದು ಸಾಂಬ್ರಾಣಿಯನ್ನು ಹಿಡಿ ತುಂಬ ಸುರಿದೆ.

ಭಾನುವಾರ ಅವರು ಕಾರಿನಲ್ಲಿ ಬಂದರು. ಮಗು ಅಮ್ಮನ ತೊಡೆಯ ಮೇಲಿತ್ತು, ಅಕ್ಕನ ಕೋಣೆಯ ಬಾಗಿಲು ಮುಚ್ಚಿತ್ತು. ನಾನು ಕಾಫಿ ತಂದಿಟ್ಟೆ. ಹುಡುಗನ ದೊಡ್ಡಮ್ಮ ಒಮ್ಮೆ ಉಸಿರೆಳೆದುಕೊಂಡು, “ಮನೆ ಎಷ್ಟು ಘಮ ಘಮ ಅಂತಿದೆ ನೋಡಿ! ಒಳಗೆ ಬಾಣಂತಿ ಇದಾಳೆ ಅಂತ ಗೊತ್ತೇ ಆಗಲ್ಲ” ಅಂದರು. ನಾನು ತಲೆ ತಗ್ಗಿಸಿ ನಕ್ಕೆ.

ಮಗು ಹಸಿದು ಅತ್ತಾಗ ಅಮ್ಮ ಎತ್ತಿಕೊಂಡು ಹೋದಳು. ಬಾಗಿಲು ತಳ್ಳಿದರೆ ತೆರೆಯಲಿಲ್ಲ. ಭುಜ ಕೊಟ್ಟು ತಳ್ಳಿದಳು. ಮರುಕ್ಷಣ ಅವಳು ಕೂಗಿದ್ದು ಬೀದಿಗೇ ಕೇಳಿಸಿರಬೇಕು. ಓಡಿಹೋಗಿ ನೋಡಿದರೆ ಅಕ್ಕನ ಹಲ್ಲು ಕಟಕಟನೆ ಬಡಿಯುತ್ತಿತ್ತು, ಮೈ ಮುಟ್ಟಲಾಗದಷ್ಟು ಸುಡುತ್ತಿತ್ತು. ಬಾಗಿಲ ಕೆಳಗಿನ ಸಂದಿಗೆ ತನ್ನ ಹಳೆ ಸೀರೆಯನ್ನು ಮಡಿಸಿ ಒತ್ತಿದ್ದಳು. ಅದಕ್ಕೇ ಬಾಗಿಲು ತೆರೆದಿರಲಿಲ್ಲ. ವಾಸನೆ ಹೊರಗೆ ಬರಬಾರದೆಂದು, ನನ್ನನ್ನು ನೋಡಲು ಬಂದವರು ಕೂತಿದ್ದ ಪಡಸಾಲೆಗೆ ಬರಬಾರದೆಂದು, ಅಷ್ಟು ಜ್ವರದಲ್ಲಿ ಎದ್ದು ಬಂದು ಒತ್ತಿದ್ದಳು.

ಬಂದವರ ಕಾರಿನಲ್ಲೇ ಅವಳನ್ನು ಶಿವಮೊಗ್ಗಕ್ಕೆ ಕರೆದೊಯ್ದೆವು. ಮುಂದಿನ ಸೀಟಿನಲ್ಲಿದ್ದ ದೊಡ್ಡಮ್ಮ ದಾರಿಯುದ್ದಕ್ಕೂ ಸೆರಗನ್ನು ಮೂಗಿನಿಂದ ತೆಗೆಯಲಿಲ್ಲ. ಅಕ್ಕ ಕಣ್ಣು ತೆರೆದಾಗಲೆಲ್ಲ ಅದನ್ನೇ ನೋಡುತ್ತಿದ್ದಳು. ನನ್ನ ಕೈ ಅವಳ ಕೈಯಲ್ಲಿತ್ತು. ದೇವರೇ, ಇವಳೊಬ್ಬಳು ಉಳಿಯಲಿ, ನನಗೆ ಮದುವೆಯೇ ಬೇಡ ಎಂದು ಮನಸ್ಸಿನಲ್ಲೇ ಬಡಬಡಿಸಿದೆ. ಬಾಯಿ ಬಿಟ್ಟು ನಿಜ ಹೇಳುವ ಧೈರ್ಯ ಆಗಲೂ ಬರಲಿಲ್ಲ.

ಮಗುವಿನ ಜೊತೆ ಬೀಳಬೇಕಿದ್ದ ಮಾಸಿನ ಚೂರು ಗರ್ಭಕೋಶದಲ್ಲೇ ಉಳಿದು ಕೊಳೆತು, ನಂಜು ರಕ್ತಕ್ಕೆ ಸೇರಿದೆ ಎಂದರು ಡಾಕ್ಟರು. “ಕೆಟ್ಟ ವಾಸನೆ ಬಂದ ತಕ್ಷಣ ಕರ್ಕೊಂಡ್ ಬರ್ಬೇಕಿತ್ತು. ಮನೇಲಿ ಯಾರಿಗೂ ಗೊತ್ತಾಗ್ಲಿಲ್ವಾ?”

“ಹೊಗೆ ಹಾಕ್ತಿದ್ವಿ ಮೇಡಂ” ಅಂದಳು ಅಮ್ಮ. ಅವಳ ಸೀರೆಯಿಂದಲೂ ಸಾಂಬ್ರಾಣಿ ಬರುತ್ತಿತ್ತು.

ಅಕ್ಕ ಉಳಿದಳು. ಗರ್ಭಕೋಶ ತೆಗೆದರು. ಮನೆಗೆ ಬರುವ ಹೊತ್ತಿಗೆ ಹಾಲು ಬತ್ತಿತ್ತು. ಮಗುವನ್ನು ಎದೆಗೆ ಹಿಡಿದರೆ ಅದು ಅಪರಿಚಿತರ ತೋಳಿನಲ್ಲಿದ್ದ ಹಾಗೆ ಒದ್ದಾಡಿತು. “ನನ್ನ ವಾಸ್ನೆ ಮರ್ತುಬಿಟ್ಟಿದೆ” ಅಂದಳು ಅಕ್ಕ. ಆಮೇಲೆ ಬಹಳ ಕಾಲ ಅವಳು ಏನನ್ನೂ ಮೂಸಿದ್ದನ್ನು ನಾನು ಕಾಣಲಿಲ್ಲ. ಹಾಲು ಒಡೆದಿದ್ದರೂ ಒಲೆಯ ಮೇಲಿಡುತ್ತಿದ್ದಳು. ಅವಳ ಅತ್ತೆ ಇಂದಿಗೂ ಬಂದವರ ಎದುರು, “ನಮ್ಮನೇಲಿ ಇದೊಂದೇ, ಇನ್ನಾಗಲ್ಲ” ಅನ್ನುತ್ತಾರೆ.

ನನ್ನ ಮದುವೆ ಅದೇ ಹುಡುಗನ ಜೊತೆಯೇ ಆಯಿತು. ದೇವರಿಗೆ ಹೇಳಿದ ಮಾತನ್ನೂ ನಾನು ಉಳಿಸಿಕೊಂಡವಳಲ್ಲ.

ಕಳೆದ ವರ್ಷ ನನಗೆ ಹೆರಿಗೆಯಾಯಿತು. ಅಮ್ಮನಿಗೆ ಮಂಡಿನೋವು, ನೀರು ಹೊರಲಾಗದು. ಬಾಣಂತನಕ್ಕೆ ಅಕ್ಕನೇ ಬಂದಳು. ಬಂದವಳು ಮೊದಲು ಕಿಟಕಿ ತೆರೆದಳು. ಸಾಂಬ್ರಾಣಿ ಡಬ್ಬಿಯನ್ನು ಅಟ್ಟದ ಮೇಲೆ ಎಸೆದಳು. ನನ್ನ ಮೈಯೂ ಯಾರದೋ ಮೈಯಾಗಿತ್ತು. ಹತ್ತಿರ ಬರುವವರ ಮುಖ ನೋಡಿಯೇ ಕುಗ್ಗುತ್ತಿದ್ದೆ. ಅಕ್ಕ ಪ್ರತಿದಿನ ಬೆಳಿಗ್ಗೆ ಬಂದು ನನ್ನ ಕತ್ತಿನಲ್ಲಿ, ಕಂಕುಳಲ್ಲಿ, ಎದೆಯ ಹತ್ತಿರ ಮೂಗಿಟ್ಟು ಕಣ್ಣು ಮುಚ್ಚುತ್ತಿದ್ದಳು. ಒಗೆಯುವ ಮೊದಲು ನನ್ನ ಬಟ್ಟೆಯನ್ನೂ ಮೂಸುತ್ತಿದ್ದಳು. ನಾಚಿ ಸೆರಗೆಳೆದುಕೊಂಡರೆ ಕೈಗೆ ಒಂದು ಏಟು.

“ಸುಮ್ನಿರೆ. ಇದು ಬೆವರು, ಇದು ಹಾಲು. ತೊಳ್ಕೊಂಡ್ರೆ ಹೋಗುತ್ತೆ. ಬೇರೆ ಥರ ಬಂದ್ರೆ ನಾನು ಹೇಳ್ತೀನಿ.”

ಒಂದು ದಿನ ತಡೆಯಲಾಗಲಿಲ್ಲ. “ಅಕ್ಕ, ಅವತ್ತು ನಾನು ಹತ್ರಾನೇ ಬರ್ಲಿಲ್ಲ. ನಂಗೆ ಗೊತ್ತಾಗಿತ್ತು. ಗೊತ್ತಾಗಿಯೇ ಏನೂ ಇಲ್ಲ ಅಂದೆ” ಅಂದುಬಿಟ್ಟೆ.

ಅವಳು ಮಗುವಿನ ಬಟ್ಟೆ ಹಿಂಡುತ್ತಿದ್ದಳು. ಕೈ ನಿಲ್ಲಲಿಲ್ಲ.

“ಮೂಗು ಮುಚ್ಚೋಕೆ ಕೈ ಎತ್ತಿ ಇಳಿಸಿದ್ಯಲ್ಲ, ನೋಡ್ದೆ. ನಿನ್ನ ನೋಡೋಕೆ ಬರೋ ದಿನ ಒಂದು ಕಳೀಲಿ ಅಂತ ನಾನೂ ಸುಮ್ನಾದೆ.”

ಅವಳು ಬೈದಿದ್ದರೆ, ಆ ಒದ್ದೆ ಬಟ್ಟೆಯಲ್ಲೇ ಬಡಿದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬಡಿಯಲಿಲ್ಲ. ಬಟ್ಟೆ ಕೊಡವಿ ಬಿಸಿಲಿಗೆ ಹರವಲು ಹೊರಗೆ ಹೋದಳು. ಅವತ್ತೆಲ್ಲ ನನ್ನೊಡನೆ ಮಾತಾಡಲಿಲ್ಲ. ಇನ್ನು ಇವಳು ನನ್ನ ಹತ್ತಿರ ಬರುವುದಿಲ್ಲ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಬಂದಳು. ನನ್ನ ತಲೆ ಹಿಡಿದು ಪಕ್ಕಕ್ಕೆ ತಿರುಗಿಸಿದಳು. ಅವಳ ಮೂಗುಬೊಟ್ಟು ನನ್ನ ಕತ್ತಿಗೆ ತಣ್ಣಗೆ ತಾಗಿತು. ಕಣ್ಣು ಮುಚ್ಚಿ, ಉಸಿರೆಳೆದು, ತುಸು ಹೊತ್ತು ಹಾಗೇ ಇದ್ದಳು.

“ಏನೂ ಇಲ್ಲ” ಅಂದಳು.

ಅವಳು ಮೂಸಿ ನೋಡಿಯೇ ಹೇಳಿದಳು.