ಭಜಿ ತಿಂದು ಬರೆದ ಸೊನ್ನೆಗಳು

ಶಾಹೀನ್, ನಿನ್ನ ಕಾರ್ಡಿನಲ್ಲಿ ನಾನು ಬರೆದದ್ದು ಸುಳ್ಳು. ನೀನು ಹೇಳಿದ್ದನ್ನೇ ಬರೆದೆ, ನಿಜ — ಆದರೆ ಕೇಳಬಾರದ ಕಡೆ ಕೇಳಿ ಬರೆದೆ.

ಎಪ್ಪತ್ತರ ದಶಕ. ಮುಂಬಯಿಯ ಆಂಟಾಪ್ ಹಿಲ್‌ನ ಚಾಳುಗಳಲ್ಲಿ ಹದಿನಾಲ್ಕು-ಹದಿನೈದರ ಹುಡುಗ ಹುಡುಗಿಯರ ಖಿನ್ನತೆಯನ್ನು ಅಳೆಯುವ ಕೆಲಸ ನನ್ನದು. ಆರು ತಿಂಗಳಿಗೊಮ್ಮೆ ಅದೇ ಮಕ್ಕಳು, ಅದೇ ಹತ್ತು ಪ್ರಶ್ನೆ — ನಿದ್ದೆ ಕೆಡುತ್ತದಾ, ಅಳು ಬರುತ್ತದಾ, ಆಟ ಬೇಡವೆನಿಸುತ್ತದಾ... ಉತ್ತರಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ, ಬರೆಯಲು ಮಗುವಿಗೊಂದು ಕಾರ್ಡು. ಅಂಕ ಜಾಸ್ತಿಯಾದವರಿಗೆ ಪ್ರತಿ ಗುರುವಾರ ಬಾಲವಾಡಿಯಲ್ಲಿ ನಮ್ಮ ಡಾಕ್ಟರ್ ಬಾಯಿಯ ಜೊತೆ ಒಂದು ತಾಸು ಮಾತು. ಬೆಳಗಾವಿಯ ಆ ಬಾಯಿಯದು ಒಂದೇ ಹಟ: "ಪ್ರತಿ ಸಲ ಒಬ್ಬೊಬ್ಬರನ್ನ ಕೂಡಿಸಿ ಕೇಳ್ರಿ. ಇಲ್ಲಾಂದ್ರ ಹಿಂದಿನದಕ್ಕೂ ಈಗಿನದಕ್ಕೂ ತಾಳೆ ಬರೂದಿಲ್ಲ." ಖರೇನೇ. ಗೆಳೆಯರ ನಡುವೆ 'ಅಳು' ಎಂದರೆ ಕಿಸಕ್ಕನೆ ನಗುವ ಹುಡುಗರು ಒಬ್ಬರೇ ಕೂತಾಗ ಕಣ್ಣು ತುಂಬಿಕೊಳ್ಳುತ್ತಿದ್ದರು.

ಮೊದಲ ಸಲ ನಿನ್ನನ್ನು ಬಾಲವಾಡಿಯ ಖಾಲಿ ಕೋಣೆಯಲ್ಲಿ ಕೇಳಿದೆ. "ದಿನಾ ಅಳು ಬರ್ತದ ಅಕ್ಕೋರೆ, ಯಾಕಂತ ಗೊತ್ತಿಲ್ಲ" ಎಂದೆ ನೀನು. ಗುರುವಾರಗಳು ಶುರುವಾದವು. ಬಾಯಿಯ ಕೋಣೆಯಿಂದ ನಿನ್ನ ನಗು ಕೇಳಿಬಂದ ದಿನ ನನಗೇ ಕುಣಿಯುವಷ್ಟು ಖುಷಿ!

ಎರಡನೇ ಸಲ — ಥೂ, ಹೇಳಲಿಕ್ಕೂ ನಾಚಿಕೆ — ನಿನ್ನನ್ನು ಕರೆಯಲು ಬಂದರೆ ನಿಮ್ಮಮ್ಮಿ ಮಿರ್ಚಿ ಭಜಿ ಕರಿಯುತ್ತಿದ್ದರು. "ಬರ್ರಿ ಅಕ್ಕೋರೆ, ಬಿಸಿಬಿಸಿ ಅದಾವ." ಧಾರವಾಡದವಳು ನಾನು, ಬೇಡ ಅಂತೀನಾ? ಎರಡು ತಿಂದೆ, ಮತ್ತೆರಡು ತಿಂದೆ, ಚಹಾ ಕುಡಿದೆ. ಇನ್ನು ಬಾಲವಾಡಿಯ ತನಕ ಯಾರು ನಡೆಯಬೇಕು? ಅಲ್ಲೇ ಕಾರ್ಡು ತೆಗೆದೆ. ನೀನು ಅಮ್ಮಿಯ ಮುಖ ನೋಡುತ್ತ ಹತ್ತಕ್ಕೆ ಹತ್ತೂ "ಇಲ್ಲರಿ, ಆರಾಮ ಅದೀನಿ" ಎಂದೆ. ನಾನು ಎಣ್ಣೆಗೈ ಒರೆಸಿಕೊಂಡು ಹತ್ತು ಸೊನ್ನೆ ಬರೆದೆ.

"ನೋಡ್ರಿ, ಹುಡುಗಿ ಹೆಂಗ ಚೇತರಿಸ್ಕೊಂಡಾಳ!" ಎಂದು ಡಾಕ್ಟರ್ ಬಾಯಿ ಹಿಗ್ಗಿದರು. ನಿನ್ನ ಗುರುವಾರಗಳನ್ನು ಬೇರೆ ಮಗುವಿಗೆ ಕೊಟ್ಟರು. ಎಲ್ಲಿ ಕೂತು ಕೇಳಿದೆನೆಂದು ನಾನು ಬಾಯಿ ಬಿಡಲಿಲ್ಲ.

ಹೋದ ವಾರ ಬಾಂದ್ರಾ ಸ್ಟೇಶನ್ನಿನಲ್ಲಿ ನೀನೇ ಗುರುತು ಹಿಡಿದು ತಬ್ಬಿಕೊಂಡೆ. ಮೊಮ್ಮಗಳ ಫೋಟೋ ತೋರಿಸಿದೆ, "ಎಷ್ಟ್ ದಪ್ಪ ಆಗೀರಿ" ಎಂದು ನನ್ನನ್ನೇ ಚುಡಾಯಿಸಿದೆ. ನಾನು ಭಜಿಯ ಕತೆ ಒಪ್ಪಿಕೊಂಡರೆ ನೀನು ಹೊಟ್ಟೆ ಹಿಡಿದು ನಕ್ಕೆ. "ಅವತ್ತು ನಾ ನಿಮಗೆಲ್ಲಿ ಹೇಳಿದೆ? ಅಮ್ಮಿಗೆ ಹೇಳಿದ್ದು!" ಆಮೇಲೆ ನಗುತ್ತಲೇ ಹೇಳಿದೆ — "ಮುಂದ ಎರಡು ಗುರುವಾರ ಬಾಲವಾಡಿ ಮೆಟ್ಟಿಲ ಮ್ಯಾಲ ಕೂತಿದ್ದೆ ನೋಡ್ರಿ, ಯಾರರ ಕರೀತಾರೇನಂತ."

ಅಷ್ಟರಲ್ಲಿ ನಿನ್ನ ಲೋಕಲ್ ಬಂತು. ಹೇಳಬೇಕಾದದ್ದು ಉಳಿದುಹೋಯಿತು, ಅದಕ್ಕೇ ಈ ಕಾಗದ.

ಆ ಎರಡೂ ಗುರುವಾರ ನಾನು ಒಳಗೇ ಇದ್ದೆ, ಶಾಹೀನ್. ಕಿಟಕಿಯಿಂದ ನಿನ್ನನ್ನು ನೋಡಿದ್ದೆ.