ಬಯಕೆ ತಟ್ಟೆ

ಹೋದ ವಾರ ಮೊಮ್ಮಗಳು ಅಡುಗೆಮನೆಯಲ್ಲಿ ಹುಣಸೆ ಚಿಗುರು ಹುರಿಯುತ್ತಿದ್ದಳು. ಅವಳೀಗ ಆರು ತಿಂಗಳ ಬಸುರಿ. ಎಣ್ಣೆಯಲ್ಲಿ ಬೆಳ್ಳುಳ್ಳಿ ಕೆಂಪಾಗಿ, ಅದರ ಮೇಲೆ ಚಿಗುರು ಬಿದ್ದಾಗ ಏಳುವ ಹುಳಿ ಘಮಲು ಹಜಾರದವರೆಗೂ ಬಂತು. ಓದುತ್ತಿದ್ದ ಪತ್ರಿಕೆ ಕೆಳಗಿಟ್ಟೆ. ಅರವತ್ತು ವರ್ಷದ ಹಿಂದಿನ ಒಂದು ಶುಕ್ರವಾರ ನೆನಪಾಯಿತು... ನೆನಪಾಯಿತು ಅನ್ನುವುದೂ ಸುಳ್ಳೇ. ಮರೆತಿದ್ದರೆ ತಾನೇ ನೆನಪಾಗುವುದು.

ಆಗ ನನಗೆ ಒಂಬತ್ತು ವರ್ಷ. ತಿರುಮಕೂಡಲು ನರಸೀಪುರದಲ್ಲಿ ಹೆಣ್ಣುಮಕ್ಕಳಿಗೆಂದು ಒಂದು ಸ್ಕೂಲು ತೆರೆದಿದ್ದರು. ಸ್ಕೂಲೆಂದರೆ ಬಾಡಿಗೆ ಮನೆಯ ಪಡಸಾಲೆ, ಹದಿನಾಲ್ಕು ಹುಡುಗಿಯರು, ಒಂದು ಕುರ್ಚಿ. ಗಂಡಸು ಮೇಷ್ಟರು ಇದ್ದಷ್ಟು ದಿನ ಊರಿನವರು ಮಕ್ಕಳನ್ನು ಕಳಿಸಲಿಲ್ಲ. ಹೆಂಗಸು ಬಂದ ಮೇಲೆ ಕಳಿಸಿದರು. ಆ ಹೆಂಗಸೇ ನಮ್ಮ ಮೇಷ್ಟ್ರಮ್ಮ.

ಅವರು ಬಂದದ್ದು ನಂಜನಗೂಡಿನಿಂದ. ತವರು ಸುತ್ತೂರಿನ ಕಡೆಯ ಹಳ್ಳಿ. ಅಕ್ಷರ ಕಲಿಸಿದ ಅಪ್ಪ ತೀರಿಕೊಂಡಿದ್ದರು, ತಾಯಿ ಅದಕ್ಕೂ ಮೊದಲೇ. ಗಂಡ ಕಚೇರಿಯಲ್ಲಿ ಬರೆಯುವ ಕೆಲಸದಲ್ಲಿದ್ದವರು, ಕಣ್ಣು ಮಂಜಾಗಿ ಮನೆಯಲ್ಲಿ ಕೂತಿದ್ದರು. ಗಂಡ ಹೆಂಡತಿ ಇಬ್ಬರೂ ಭಾವನ ಮನೆಯಲ್ಲಿ ಉಣ್ಣುತ್ತಿದ್ದರು. ಓರಗಿತ್ತಿ ಬಡಿಸುವಾಗ ಸೌಟು ಸದ್ದು ಮಾಡುತ್ತಿತ್ತಂತೆ. ಹಂಗಿನ ಅರಮನೆಗಿಂತ ವಿಂಗಡದ ಗುಡಿಸಲು ಲೇಸು ಎಂದು ಮೇಷ್ಟ್ರಮ್ಮ ನಮ್ಮ ಅವ್ವನ ಹತ್ತಿರ ಆಗಾಗ ಹೇಳುತ್ತಿದ್ದರು.

ಅವರಿದ್ದದ್ದು ನಮ್ಮ ಮನೆಯ ಹಿತ್ತಲ ಕೋಣೆಯಲ್ಲೇ. ಕೆಲಸ ಆರು ತಿಂಗಳು ಹಂಗಾಮಿ; ಅಷ್ಟರೊಳಗೆ ಸ್ಕೂಲು ತನಿಖೆಯ ಸಾಹೇಬರು ಬಂದು ಪರೀಕ್ಷೆ ಮಾಡಿ ಒಪ್ಪಿದರೆ ಆಮೇಲೆ ಕಾಯಂ. ಕಾಯಂ ಆದೊಡನೆ ಗಂಡನನ್ನು ಕರೆಸಿಕೊಳ್ಳಬೇಕೆಂದು ನಮ್ಮ ಬೀದಿಯಲ್ಲೇ ಎರಡಂಕಣದ ಮನೆಯೊಂದನ್ನು ನೋಡಿಟ್ಟಿದ್ದರು. ಸಂಜೆ ಹೊತ್ತು ನನ್ನನ್ನು ಕರೆದುಕೊಂಡು ಹೋಗಿ ಅದರ ಬೀಗ ಹಾಕಿದ ಬಾಗಿಲು ನೋಡಿಕೊಂಡು ಬರುತ್ತಿದ್ದರು. ಒಲೆ ಯಾವ ಮೂಲೆಗೆ ಎಂಬುದೂ ತೀರ್ಮಾನವಾಗಿತ್ತು.

ಪಾಠ ಹೇಳುವಾಗ ಬೈದವರಲ್ಲ, ಗೇಲಿ ಮಾಡುತ್ತಿದ್ದರು. ಒತ್ತು ಬಿಟ್ಟು 'ಅಕ' ಎಂದು ಬರೆದರೆ, ನಿಮ್ಮಕ್ಕನ ಕಾಲು ಮುರಿದೆಯಲ್ಲೇ ಎನ್ನುವರು. ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ನನಗಂತೂ ಅವರು ನನ್ನೊಬ್ಬಳಿಗೇ ಸೇರಿದವರು ಎಂಬ ಜಂಬ.

ಕೆಲಸಕ್ಕೆ ಸೇರಿದ ಮೇಲೆ ಅವರಿಗೆ ಬಸುರೆಂದು ತಿಳಿಯಿತು. ಮದುವೆಯಾಗಿ ಎಂಟು ವರ್ಷಕ್ಕೆ! ದೇವರಿಗಾದರೂ ಹೊತ್ತುಗೊತ್ತು ಬೇಡವೇ. ಹಂಗಾಮಿಯವರಿಗೆ ಹೆರಿಗೆಯ ರಜೆ ಇಲ್ಲ. ವಿಷಯ ಗೊತ್ತಾದರೆ ಮನೆಗೆ ಕಳಿಸುತ್ತಾರೆ. ಹೇಗಾದರೂ ಆರು ತಿಂಗಳು ತಳ್ಳಿಬಿಟ್ಟರೆ ಗೆದ್ದಂತೆ. ಸೆರಗನ್ನು ಎರಡು ಹೆಗಲಿಗೂ ಹೊದ್ದು ಸ್ಕೂಲಿಗೆ ಹೋಗುತ್ತಿದ್ದರು. ಗುಟ್ಟು ಅವ್ವನಿಗೆ ಗೊತ್ತಿತ್ತು. ಅವ್ವನ ಹಿಂದೆಯೇ ತಿರುಗುತ್ತಿದ್ದ ನನಗೂ ಗೊತ್ತಿತ್ತು. ಯಾರಿಗೂ ಹೇಳಬಾರದೆಂದು ಅವ್ವ ನನ್ನಿಂದ ಆಣೆ ಮಾಡಿಸಿದ್ದಳು. ನಾನು ಹೇಳಲೂ ಇಲ್ಲ.

ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ತವರಿನವರು ಬಯಕೆ ಊಟ ಮಾಡಿಸಬೇಕು. ಇವರಿಗೆ ತವರೆಲ್ಲಿತ್ತು? ಅವ್ವನೇ ತವರಾದಳು. ಶುಕ್ರವಾರ ಒಳ್ಳೆಯ ದಿನವೆಂದು ಹುಳಿಯನ್ನ, ಮೊಸರನ್ನ, ಒಬ್ಬಟ್ಟು, ಅವರು ಕೇಳಿದ್ದ ಹುಣಸೆ ಚಿಗುರಿನ ಗೊಜ್ಜು ಎಲ್ಲ ಮಾಡಿದಳು. ತಟ್ಟೆಯ ಮೇಲೆ ಹಸಿರು ರವಿಕೆ ಕಣ ಮುಚ್ಚಿ, ಅದರ ಮೇಲೆ ಹಸಿರು ಗಾಜಿನ ಬಳೆ, ಅರಿಸಿನ ಕುಂಕುಮ, ಒಂದು ಮಾರು ಮಲ್ಲಿಗೆ ಇಟ್ಟಳು. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಿದ್ದ ನನ್ನ ಕೈಗೆ ಅದನ್ನು ಕೊಟ್ಟಳು.

"ಅವರ ಕ್ವಾಣೆ ಗೂಡಲ್ಲಿ ಇಟ್ಬುಟ್ಟು ಬಾ ಕಣಮ್ಮಿ. ಸಂಜಿಗೆ ಬಂದು ಉಣ್ಣಲಿ."

ನಾನು ಕೋಣೆಗೆ ಹೋಗಲಿಲ್ಲ. ಹಿತ್ತಲ ಬಾಗಿಲಿನಿಂದ ನೇರ ಸ್ಕೂಲಿಗೆ ಹೋದೆ. ಬಿಸಿ ಆರಿದರೆ ರುಚಿಯೇನು ಎಂದುಕೊಂಡೆ; ಅದು ನೆಪ. ಅಷ್ಟು ಹುಡುಗಿಯರ ಎದುರಿಗೆ ಮೇಷ್ಟ್ರಮ್ಮ ನಮ್ಮ ಮನೆಯ ಊಟ ಉಣ್ಣುವುದನ್ನು ನೋಡಬೇಕಿತ್ತು ನನಗೆ. ತಟ್ಟೆ ಮುಚ್ಚಿದೆಯಲ್ಲ, ಗುಟ್ಟೂ ಮುಚ್ಚಿಯೇ ಇರುತ್ತದೆ ಎಂದುಕೊಂಡೆ. ಆ ಬಟ್ಟೆ, ಆ ಬಳೆಗಳೇ ಸಾರಿ ಹೇಳುತ್ತವೆಂದು ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ.

ಸೋಮವಾರ ಬರಬೇಕಿದ್ದ ಸಾಹೇಬರು ಸೋಮನಾಥಪುರದ ಕಡೆ ಹೋಗುವ ದಾರಿಯಲ್ಲಿ ಅವತ್ತೇ ಇಳಿದುಬಿಟ್ಟಿದ್ದರು. ನಾನು ಬಾಗಿಲಿಗೆ ಹೋದಾಗ ಅವರು ಕುರ್ಚಿಯಲ್ಲಿ ಕೂತು, ನಮ್ಮ ಹುಡುಗಿಯರ ಮಗ್ಗಿ ಕೇಳಿ ನಗುತ್ತಿದ್ದರು. ಪರೀಕ್ಷೆ ಚೆನ್ನಾಗಿಯೇ ಆಗಿತ್ತು. ಅವರ ಕಣ್ಣು ತಟ್ಟೆಯ ಮೇಲೆ ಬಿತ್ತು. ಅವರೂ ನಮ್ಮ ಸೀಮೆಯವರೇ, ಅಕ್ಕತಂಗಿಯರ ಜೊತೆ ಬೆಳೆದವರು. ಎದ್ದು ನಿಂತರು. ಯಾರಿಗೆ ಇದು ಎಂದು ಕೇಳಿದರು. ನಾನು ಬಾಯಿ ಬಿಡಲಿಲ್ಲ, ಆಣೆ ಇತ್ತಲ್ಲ. ಮೇಷ್ಟ್ರಮ್ಮನೇ ತಲೆ ತಗ್ಗಿಸಿ, ನನಗೆ ಎಂದರು.



"ಬಯಕೆ ತಟ್ಟೆ ಮುಂದೆ ಬಂದ್ಮೇಲೆ ಉಣ್ಣದೆ ಬಿಡಬಾರದಮ್ಮ" ಎಂದರು ಸಾಹೇಬರು. "ನಿಧಾನವಾಗಿ ಊಟ ಮಾಡಿ. ನಾನು ಆಚೆ ಇರ್ತೀನಿ."

ಹೊರಗೆ ಜಗಲಿಯ ಮೇಲೆ ನಮಗೆ ಬೆನ್ನು ಹಾಕಿ ಕೂತರು. ಮೇಷ್ಟ್ರಮ್ಮ ನೆಲದ ಮೇಲೆ ಕೂತು ಉಂಡರು. ಪ್ರತಿ ತುತ್ತನ್ನೂ ನೀರು ಕುಡಿದು ಇಳಿಸಿಕೊಳ್ಳುತ್ತಿದ್ದರು. ಒಂದು ಅಗುಳೂ ಬಿಡಲಿಲ್ಲ. ನಾನು ಆಸೆಪಟ್ಟ ಹಾಗೆಯೇ, ಎಲ್ಲ ಹುಡುಗಿಯರೂ ನೋಡುತ್ತಿದ್ದರು...

ಮೇಷ್ಟ್ರಮ್ಮ ಕೈ ತೊಳೆದು ಬಂದ ಮೇಲೆ ಸಾಹೇಬರು ಒಳಗೆ ಬಂದರು. ಹೆತ್ತು ತಿಂಗಳಿಗೆಲ್ಲ ಬಂದುಬಿಡುತ್ತೇನೆ, ಕೆಲಸ ಒಂದು ಉಳಿಸಿಕೊಡಿ ಎಂದು ಮೇಷ್ಟ್ರಮ್ಮ ಕೈಮುಗಿದರು. ಆರು ತಿಂಗಳಿಗೆ ಇನ್ನು ಇಪ್ಪತ್ತೇ ದಿನ ಬಾಕಿ ಇತ್ತು.

"ನಾನು ನೋಡದೆ ಇದ್ದಿದ್ರೆ ಚೆನ್ನಾಗಿತ್ತು" ಎಂದರು ಅವರು. "ನೋಡಿಬಿಟ್ಟೆ. ನೋಡಿದ್ಮೇಲೆ ಬರೀದೆ ಇರೋಕಾಗಲ್ಲ."

ಅವರನ್ನು ಕೆಟ್ಟವರೆನ್ನಲು ನನ್ನಿಂದ ಇವತ್ತಿಗೂ ಆಗುವುದಿಲ್ಲ. ಒಳ್ಳೆಯವರೆನ್ನಲು ಮನಸ್ಸು ಬರುವುದಿಲ್ಲ. ಉಣ್ಣುವವರೆಗೆ ಕಾದಿದ್ದು ಅನ್ನ ಕಿತ್ತುಕೊಂಡರು.

ಸಂಜೆ ಸುದ್ದಿ ತಿಳಿದು ಅವ್ವ ನಡುಮನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದಳು. ಕೋಣೆಯಲ್ಲಿ ಇಡು ಅಂದಿದ್ದು ಸ್ಕೂಲಿಗೆ ಹೇಗೆ ಹೋಯಿತು ಎಂದು ಕೈ ಎತ್ತಿದಳು. ಮೇಷ್ಟ್ರಮ್ಮ ನಡುವೆ ಬಂದು ನನ್ನನ್ನು ಹಿಂದಕ್ಕೆಳೆದುಕೊಂಡರು.

"ನಾನೇ ತರ್ಸ್ಕೊಂಡೆ ಕಣಕ್ಕ. ಹಸಿವು ತಡೀನಿಲ್ಲ."

ಅವ್ವನ ಕೈ ಇಳಿಯಿತು. "ಒಂದ್ಗಳಿಗೆ ಬಾಯಿ ಕಟ್ಕಳಕ್ಕೆ ಆಗ್ನಿಲ್ವಾ ತಾಯಿ" ಎಂದು ಅಳುತ್ತ ಕೂತುಬಿಟ್ಟಳು. ನಾನು ಮೇಷ್ಟ್ರಮ್ಮನ ಸೆರಗಿನ ಹಿಂದೆ ಸುಮ್ಮನೆ ನಿಂತಿದ್ದೆ.

ಮೂರನೆಯ ದಿನ ನಂಜನಗೂಡಿಗೆ ಗಾಡಿ ಹೊರಟಿತು. ಎರಡಂಕಣದ ಮನೆಯ ಮುಂದೆ ಹಾಯುವಾಗ ಅವರು ಆಚೆ ಮಗ್ಗುಲಿಗೆ ಮುಖ ತಿರುಗಿಸಿಕೊಂಡರು. ಅದೇ ನಾನು ಅವರನ್ನು ಕಡೆಯದಾಗಿ ನೋಡಿದ್ದು. ಎರಡು ವರ್ಷದ ಮೇಲೆ ಅವ್ವ ನಂಜನಗೂಡಿಗೆ ಹೋದಾಗ ವಿಚಾರಿಸಿದಳು. ಹೆಣ್ಣುಮಗುವಾಗಿತ್ತಂತೆ. ಮಗುವನ್ನೂ ಗಂಡನನ್ನೂ ಕರೆದುಕೊಂಡು ಎಲ್ಲಿಗೋ ಹೊರಟುಹೋಗಿದ್ದರು. ಎಲ್ಲಿಗೆಂದು ಭಾವನ ಮನೆಯವರು ಹೇಳಲಿಲ್ಲ.

ನಮ್ಮೂರಲ್ಲಿ ಮಾತ್ರ ಅವರ ಮಾತು ಬಹಳ ದಿನ ಉಳಿಯಿತು. ಬಾಯಿಚಪಲಕ್ಕೆ ಕೆಲಸ ಕಳೆದುಕೊಂಡ ಮೇಷ್ಟ್ರಮ್ಮ! ಯಾವ ಹುಡುಗಿಯಾದರೂ ಊಟಕ್ಕೆ ಅವಸರ ಮಾಡಿದರೆ, ಮೇಷ್ಟ್ರಮ್ಮನ ಹಾಗೆ ಆಡಬೇಡ ಎಂದು ನಗುತ್ತಿದ್ದರು. ಅವ್ವನೂ ಸೊಸೆಯರಿಗೆ ಹಾಗೆಯೇ ಹೇಳುತ್ತಿದ್ದಳು. ನಾನು ಅಲ್ಲೇ ಕೂತು ಕೇಳುತ್ತಿದ್ದೆ. ಮೊದಮೊದಲು ಏಟಿನ ಭಯ, ಆಮೇಲೆ ನಾಚಿಕೆ, ಆಮೇಲೆ ಯಾವತ್ತೋ ಆದದ್ದು ಈಗೇಕೆ ಎಂಬ ಸೋಮಾರಿತನ.

ಮೊಮ್ಮಗಳೂ ಸ್ಕೂಲಿನಲ್ಲಿ ಪಾಠ ಹೇಳುತ್ತಾಳೆ. ಹೆರಿಗೆಗೆ ರಜೆ ಮಂಜೂರಾಗಿದೆ. ಹೆತ್ತು ಮತ್ತೆ ಅದೇ ಕುರ್ಚಿಗೆ ಹೋಗುತ್ತಾಳೆ. ಅವಳ ಬಸುರು ನೋಡಿ ಸಂತೋಷಪಡಬೇಕಾದ ನಾನು ಈ ವಾರವೆಲ್ಲ ಮರೆಯಲ್ಲಿ ಅತ್ತಿದ್ದೇನೆ. ಅವ್ವ ಹೋಗಿ ಮೂವತ್ತು ವರ್ಷವಾಯಿತು. ಅವತ್ತು ನಕ್ಕವರಲ್ಲಿ ಒಬ್ಬರೂ ಉಳಿದಿಲ್ಲ. ಮೇಷ್ಟ್ರಮ್ಮ ಎಲ್ಲಿ ತೀರಿಕೊಂಡರೋ... ಕೇಳಬೇಕಾದವರು ಯಾರೂ ಇಲ್ಲದ ಮೇಲೆ ಬರೆಯುತ್ತಿದ್ದೇನೆ. ಅವರು ಊಟ ತರಿಸಿಕೊಳ್ಳಲಿಲ್ಲ. ಹಸಿವೆಂದು ನನ್ನ ಹತ್ತಿರ ಹೇಳಿಯೂ ಇರಲಿಲ್ಲ. ನಾನೇ ಹೊತ್ತುಕೊಂಡು ಹೋದೆ.